ಕ್ರಿಸ್ತನ ದೇವತ್ವ: ಪೂರ್ವಪಕ್ಷವನ್ನರಿಯದ ಮಾತು

ಮಹಾವೀರ ಜಯಂತಿಯ ಸಭೆಗಳಲ್ಲಿ, ಬಸದಿಗಳ ವಾರ್ಷಿಕೋತ್ಸವದ ಸರ್ವಧರ್ಮ ಸಮ್ಮೇಳನಗಳಲ್ಲಿ, ಸಮಾಜದ ಕಿರುಹೊತ್ತಗೆಗಳಲ್ಲಿ ಯೇಸು ಕ್ರಿಸ್ತನ ಪ್ರಸ್ತಾಪ ಬಂದಾಗಲೆಲ್ಲ ಮೂರು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಯೇಸುವು ಕ್ರೈಸ್ತರ ತೀರ್ಥಂಕರನೆಂಬುದು ಮೊದಲನೆಯದು. ಮನುಷ್ಯನಾಗಿದ್ದ ಆತನನ್ನು ರೋಮಿನ ಚಕ್ರವರ್ತಿಯೊಬ್ಬನು ಸಭೆ ಸೇರಿಸಿ, ಮತ ಎಣಿಸಿ ದೇವರನ್ನಾಗಿ ಮಾಡಿದನೆಂಬುದು ಎರಡನೆಯದು. ಆತನು ಭಾರತಕ್ಕೆ ಬಂದು ಜೈನ ಶ್ರಮಣರ ಬಳಿ ಅಹಿಂಸೆಯನ್ನು ಕಲಿತನೆಂಬುದು ಮೂರನೆಯದು. ಮೊದಲನೆಯದನ್ನು ಸೌಜನ್ಯಕ್ಕಾಗಿ ಆಡಲಾಗುತ್ತದೆ, ಎರಡನೆಯದನ್ನು ಗೆಲುವಿಗಾಗಿ, ಮೂರನೆಯದನ್ನು ಹೆಮ್ಮೆಗಾಗಿ. ಮೂರೂ ಸತ್ಯವಲ್ಲ. ಸತ್ಯವನ್ನು ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕ ಸಮಾಜದ ವೇದಿಕೆಯಿಂದ ಈ ಮಾತುಗಳು ಹೊರಡುವುದು ಆ ಸಮಾಜಕ್ಕೆ ಶೋಭೆಯಲ್ಲ.

ಪರಮತವನ್ನು ಪರೀಕ್ಷಿಸುವುದು ಜೈನ ಪರಂಪರೆಗೆ ಹೊಸದಲ್ಲ. ಹರಿಭದ್ರಸೂರಿಗಳು ಷಡ್ದರ್ಶನಗಳನ್ನು ಒಂದೊಂದಾಗಿ, ಆಯಾ ಮತದವರು ಒಪ್ಪುವಂತೆ ನಿರೂಪಿಸಿದರು. ಅಕಲಂಕದೇವರು, ವಿದ್ಯಾನಂದರು ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಟ್ಟು ಅನಂತರವೇ ಉತ್ತರ ಕೊಟ್ಟರು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆದ್ದವನು ಗೆದ್ದವನಲ್ಲವೆಂಬುದು ವಾದಶಾಸ್ತ್ರದ ಮೊದಲ ಪಾಠ. ಇಂದು ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಓದುವ ಜೈನ ಮಕ್ಕಳು ಕಡಮೆಯೇನಿಲ್ಲ. ಆ ಮಗು ಮನೆಗೆ ಬಂದು, “ಯೇಸು ದೇವರಂತೆ, ಹೌದೇ?” ಎಂದು ಕೇಳಿದಾಗ ತಂದೆತಾಯಿಗಳ ಬಾಯಿಂದ ಈ ಮೂರು ಮಾತುಗಳಲ್ಲಿ ಒಂದು ಹೊರಟರೆ, ಮಗು ನಾಳೆ ಸಹಪಾಠಿಯ ಮುಂದೆ ನಾಚಬೇಕಾಗುತ್ತದೆ. ತನ್ನ ಮನೆಯವರು ಇನ್ನೊಬ್ಬರ ಧರ್ಮದ ವಿಷಯದಲ್ಲಿ ತಿಳಿಯದೆ ಮಾತನಾಡಿದರೆಂದು ಕಂಡುಕೊಂಡ ಮಗು, ತನ್ನ ಧರ್ಮದ ವಿಷಯದಲ್ಲಿ ಅವರು ಆಡಿದ್ದನ್ನೂ ಸಂಶಯಿಸಲು ತೊಡಗುತ್ತದೆ.

ಆದುದರಿಂದ ಮೊದಲು ಕ್ರೈಸ್ತರು ನಿಜವಾಗಿ ಏನನ್ನು ನಂಬುತ್ತಾರೆಂಬುದನ್ನು ನೋಡಬೇಕು.

ಮೆಸ್ಸೀಯ ಎಂಬುದು ಹೀಬ್ರೂ ಮೂಲದ ಪದ. ತೈಲದಿಂದ ಅಭಿಷಿಕ್ತನಾದವನು ಎಂದು ಅದರ ಅರ್ಥ. ಗ್ರೀಕ್ ಭಾಷೆಯಲ್ಲಿ ಅದೇ ಪದ ‘ಕ್ರಿಸ್ತೋಸ್’ ಆಯಿತು. ಯೆಹೂದ್ಯರಲ್ಲಿ ಅರಸರಿಗೂ ಮಹಾಯಾಜಕರಿಗೂ ಅಭಿಷೇಕವಿತ್ತು. ಯೆಶಾಯನ ಗ್ರಂಥವು ಪರ್ಷಿಯದ ಅರಸ ಕೋರೆಷನನ್ನೂ ಅಭಿಷಿಕ್ತನೆಂದೇ ಕರೆಯುತ್ತದೆ. ಯೆಹೂದ್ಯರು ನಿರೀಕ್ಷಿಸುತ್ತಿದ್ದ ಮೆಸ್ಸೀಯನು ದಾವೀದನ ವಂಶದ ಅರಸನೇ ಹೊರತು ದೇವರಲ್ಲ. ಹೀಗಿರುವಾಗ, ಕ್ರಿಸ್ತ ಎಂಬ ಬಿರುದಿನಿಂದಲೇ ದೇವತ್ವ ಸಿದ್ಧಿಸುವುದಿಲ್ಲ. ಕ್ರೈಸ್ತರ ಪ್ರತಿಪಾದನೆ ಆ ಬಿರುದಿಗಿಂತ ಬಹಳ ದೂರ ಹೋಗುತ್ತದೆ. ರೋಮಿನ ಅಧಿಕಾರಿ ಪಿಲಾತನ ಕಾಲದಲ್ಲಿ ಶಿಲುಬೆಗೇರಿಸಲ್ಪಟ್ಟ ಗಲಿಲಾಯದ ಮನುಷ್ಯನೊಬ್ಬನು, ಲೋಕವನ್ನು ಸೃಷ್ಟಿಸಿದ ಏಕೈಕ ದೇವರ ಅನಾದಿಯಾದ ವಾಕ್ಯವೇ ಆಗಿದ್ದು ಶರೀರಧಾರಿಯಾದನೆಂಬುದೇ ಆ ಪ್ರತಿಪಾದನೆ. ಇದನ್ನು ಮೊದಲು ಹೇಳಿದವರು ಅನೇಕ ದೇವತೆಗಳನ್ನು ಪೂಜಿಸುತ್ತಿದ್ದವರಲ್ಲ. ಏಕದೇವನಿಷ್ಠೆಯಲ್ಲಿ ಅತ್ಯಂತ ಕಠೋರರಾಗಿದ್ದ ಯೆಹೂದ್ಯರೇ ಆಗಿದ್ದರು. ಈ ಮಾತಿನ ವೈಚಿತ್ರ್ಯವೂ ಬಲವೂ ಅಲ್ಲಿಯೇ ಇದೆ.

ಈ ನಂಬಿಕೆ ಎಷ್ಟು ಹಳೆಯದು? ಯೇಸುವಿನ ಮರಣ ಸುಮಾರು ಕ್ರಿ.ಶ. 30ರಲ್ಲಿ ಆಯಿತು. ಅದಾದ ಮೂವತ್ತು ವರ್ಷಗಳ ಆಸುಪಾಸಿನಲ್ಲಿ ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ, ದೇವಸ್ವರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ತಾಳಿದನೆಂದೂ, ಆತನ ಹೆಸರಿಗೆ ಎಲ್ಲರೂ ಮೊಣಕಾಲೂರಬೇಕೆಂದೂ ಹೇಳಲಾಗಿದೆ. ಯೆಶಾಯನ ಗ್ರಂಥದಲ್ಲಿ ಏಕದೇವರಿಗೆ ಮಾತ್ರ ಸಲ್ಲುವ ಆ ನಮನವನ್ನು ಪೌಲನು ಕ್ರಿಸ್ತನಿಗೆ ಸಲ್ಲಿಸಿದನು. ಇನ್ನೊಂದು ಸಾಕ್ಷ್ಯ ಕ್ರೈಸ್ತರ ವಿರೋಧಿಯದು. ಸುಮಾರು 112ರಲ್ಲಿ ಬಿಥೀನಿಯ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದನು. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮೊದಲೇ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸುತ್ತಾರೆಂದೂ, ಕಳವು ಮತ್ತು ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ತಮ್ಮಲ್ಲಿ ಇಟ್ಟ ನ್ಯಾಸವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಾರೆಂದೂ ಅವನು ವಿಚಾರಣೆಯಿಂದ ತಿಳಿದುಕೊಂಡಿದ್ದನು. ನ್ಯಾಸಾಪಹಾರವನ್ನು ಸತ್ಯವ್ರತದ ಅತಿಚಾರವೆಂದು ಬಲ್ಲ ಶ್ರಾವಕನಿಗೆ ಈ ಪಟ್ಟಿ ಅಪರಿಚಿತವೆನಿಸದು. ಕ್ರಿಸ್ತನನ್ನು ಬಿಡಲೊಪ್ಪದವರನ್ನು ಪ್ಲಿನಿ ಕೊಲ್ಲಿಸಿದನು. ಆಗ ಅವರ ಬೆನ್ನಿಗೆ ಯಾವ ಚಕ್ರವರ್ತಿಯೂ ಇರಲಿಲ್ಲ.

ಚಕ್ರವರ್ತಿ ಬಂದದ್ದು ಇದಾದ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಕ್ರಿ.ಶ. 325ರಲ್ಲಿ ಅದೇ ಬಿಥೀನಿಯದ ನೈಸಿಯಾ ಪಟ್ಟಣದಲ್ಲಿ ಕಾನ್‌ಸ್ಟಂಟೈನನು ಬಿಷಪರ ಮಹಾಸಭೆಯನ್ನು ಕರೆದನು. ಆ ಪಟ್ಟಣ ಇಂದು ತುರ್ಕಿಯಲ್ಲಿ ಇಜ್ನಿಕ್ ಎಂಬ ಹೆಸರಿನಿಂದಿದೆ. 2025ಕ್ಕೆ ಆ ಸಭೆ ನಡೆದು 1700 ವರ್ಷಗಳು ತುಂಬಿದವು. ಯೇಸುವು ಮನುಷ್ಯನೋ ದೇವರೋ ಎಂಬ ಪ್ರಶ್ನೆಗೆ ಅಲ್ಲಿ ಮತ ಎಣಿಸಲಾಯಿತೆಂಬ ಕಥೆ ಅದಕ್ಕೂ ಮೊದಲೇ ಇತ್ತು. 2003ರಲ್ಲಿ ಪ್ರಕಟವಾದ ಡ್ಯಾನ್ ಬ್ರೌನನ ‘ಡಾ ವಿಂಚಿ ಕೋಡ್’ ಕಾದಂಬರಿಯ ಪಾತ್ರವೊಂದರ ಬಾಯಲ್ಲಿ ಬಂದು ಲೋಕವೆಲ್ಲ ಹರಡಿತು. ಕಾದಂಬರಿಯ ಪಾತ್ರದ ಮಾತು ಬಸದಿಯ ವೇದಿಕೆಯಲ್ಲಿ ಇತಿಹಾಸವಾಗಬಾರದು. ನೈಸಿಯಾದ ನಿಜವಾದ ವಿವಾದ ಬೇರೆ. ಅಲೆಕ್ಸಾಂಡ್ರಿಯದ ಪುರೋಹಿತ ಏರಿಯಸನೂ ಯೇಸುವನ್ನು ಕೇವಲ ಮನುಷ್ಯನೆನ್ನಲಿಲ್ಲ. ಕಾಲಗಳಿಗೆಲ್ಲ ಮೊದಲೇ ದೇವರಿಂದ ನಿರ್ಮಿತನಾದ, ಲೋಕದ ಸೃಷ್ಟಿಗೆ ಸಾಧನವಾದ ದಿವ್ಯಪುರುಷನೆಂದೇ ಅವನೂ ನಂಬಿದ್ದನು. ಆದರೆ ಆ ಪುತ್ರನು ನಿರ್ಮಿತನು, ಅನಾದಿಯಲ್ಲ ಎಂಬುದು ಅವನ ಪಕ್ಷ. ನಿರ್ಮಿತನಲ್ಲ, ತಂದೆಯ ಸತ್ತ್ವವೇ ಪುತ್ರನ ಸತ್ತ್ವ ಎಂಬುದು ಸಭೆಯ ನಿರ್ಣಯ. ಗ್ರೀಕಿನ ‘ಹೋಮೋಊಸಿಯೋಸ್’ ಎಂಬ ಪದ ಹೇಳುವುದು ಇದನ್ನೇ. ಕೊನೆಯವರೆಗೂ ಆ ನಿರ್ಣಯಕ್ಕೆ ಸಹಿ ಹಾಕದೆ ಉಳಿದ ಬಿಷಪರು ಲಿಬಿಯದ ಇಬ್ಬರು ಮಾತ್ರ.

ಚಕ್ರವರ್ತಿಯ ಆಜ್ಞೆಯೇ ಈ ಸಿದ್ಧಾಂತದ ತಾಯಿಯಾಗಿದ್ದರೆ ಮುಂದಿನ ಐವತ್ತು ವರ್ಷಗಳ ಚರಿತ್ರೆ ಬೇರೆಯೇ ಆಗಬೇಕಿತ್ತು. ಕಾನ್‌ಸ್ಟಂಟೈನನು 337ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಏರಿಯಸನ ಬೆಂಬಲಿಗನಾಗಿದ್ದ ನಿಕೊಮೀಡಿಯದ ಯುಸೇಬಿಯಸ್ ಬಿಷಪನಿಂದ. ಅವನ ಮಗ ಕಾನ್‌ಸ್ಟಾಂಟಿಯಸನು ನೈಸಿಯಾದ ಸೂತ್ರದ ವಿರೋಧಿಗಳ ಕಡೆಗೆ ನಿಂತನು. ಆ ಸೂತ್ರವನ್ನು ಎತ್ತಿಹಿಡಿದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸನು ಐದು ಬಾರಿ ತನ್ನ ಪೀಠದಿಂದ ಗಡಿಪಾರಾದನು. ರಾಜಶಕ್ತಿ ಬಹುಕಾಲ ಯಾವ ಪಕ್ಷವನ್ನು ಒತ್ತಿತೋ ಆ ಪಕ್ಷವೇ ಕೊನೆಗೆ ಉಳಿಯಿತು. ಇದನ್ನು ಅರಸನ ಕೃಪೆಯೆಂದು ವಿವರಿಸಲಾಗದು.

ಹಾಗೆಂದು ರಾಜಶಕ್ತಿಯ ದೋಷವನ್ನು ಮುಚ್ಚಿಡಬೇಕಾಗಿಲ್ಲ. 380ರಲ್ಲಿ ಥಿಯೋಡೋಸಿಯಸನು ಶಾಸನದ ಮೂಲಕ ಈ ಒಂದು ನಂಬಿಕೆಯನ್ನೇ ಪ್ರಜೆಗಳ ನಂಬಿಕೆಯೆಂದು ವಿಧಿಸಿದನು; ಒಪ್ಪದವರು ದಂಡನೆಗೆ ಗುರಿಯಾದರು. 1553ರ ಅಕ್ಟೋಬರ್ 27ರಂದು ಜಿನೀವಾ ನಗರದಲ್ಲಿ ಸ್ಪೇನಿನ ವೈದ್ಯ ಮೈಕೇಲ್ ಸರ್ವೆಟಸನನ್ನು ತ್ರಿತ್ವ ಸಿದ್ಧಾಂತವನ್ನು ನಿರಾಕರಿಸಿದ ಅಪರಾಧಕ್ಕಾಗಿ ಜೀವಂತ ಸುಟ್ಟರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇದನ್ನು ಖಂಡಿಸದಿರಲಾರರು. ಅದರೊಡನೆ, ಮರುವರ್ಷವೇ ಆ ಹತ್ಯೆಯನ್ನು ವಿರೋಧಿಸಿ ಬರೆದ ಬಾಸೆಲ್ ನಗರದ ವಿದ್ವಾಂಸ ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ ಸಹ ಕ್ರೈಸ್ತನೇ ಆಗಿದ್ದನೆಂಬುದನ್ನೂ ಹೇಳಬೇಕು. ಚಕ್ರವರ್ತಿಗಳು ಈ ನಂಬಿಕೆಯನ್ನು ಹುಟ್ಟಿಸಲಿಲ್ಲ. ಅದರ ಕೈಗೆ ದಂಡವನ್ನು ಕೊಟ್ಟರು. ಖಂಡಿಸಬೇಕಾದುದು ಆ ದಂಡವನ್ನು. ಹುಟ್ಟಿನ ಕಥೆಯನ್ನು ಸುಳ್ಳು ಹೇಳಿದರೆ ದಂಡದ ಕುರಿತ ಸತ್ಯವೂ ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಕ್ರೈಸ್ತರೆಲ್ಲ ಈ ವಿಷಯದಲ್ಲಿ ಒಂದೇ ಮಾತನ್ನಾಡುತ್ತಾರೆಂದೂ ತಿಳಿಯಬಾರದು. 451ರ ಕ್ಯಾಲ್ಸಿಡನ್ ಮಹಾಸಭೆಯು ಕ್ರಿಸ್ತನ ಒಂದೇ ವ್ಯಕ್ತಿತ್ವದಲ್ಲಿ ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳು ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆಯೆಂದು ನಿರ್ಣಯಿಸಿತು. ಈಜಿಪ್ಟ್, ಅರ್ಮೇನಿಯ, ಸಿರಿಯದ ಪ್ರಾಚೀನ ಸಭೆಗಳು ಈ ನಿರೂಪಣೆಯನ್ನು ಒಪ್ಪಲಿಲ್ಲ. ದೈವವೂ ಮಾನವವೂ ಒಂದಾಗಿ ಸೇರಿದ ಏಕಸ್ವಭಾವವೆಂಬುದು ಅವರ ಪಕ್ಷ. ಈ ಭೇದದ ಗುರುತು ಕರ್ನಾಟಕದಲ್ಲಿಯೂ ಇದೆ. ಮಂಗಳೂರಿನ ರೋಮನ್ ಕಥೋಲಿಕರು ಕ್ಯಾಲ್ಸಿಡನ್ ನಿರ್ಣಯವನ್ನು ಒಪ್ಪಿದ ಪರಂಪರೆಯವರು. ಉಡುಪಿಯ ಬಳಿ ಬ್ರಹ್ಮಾವರದಲ್ಲಿರುವ ಮಲಂಕರ ಆರ್ಥಡಾಕ್ಸ್ ಸಭೆಯವರು ಒಪ್ಪದ ಪರಂಪರೆಯವರು. ಕ್ರಿಸ್ತನನ್ನು ದೇವರ ಮೊದಲ ಸೃಷ್ಟಿಯೆಂದು ಮಾತ್ರ ನಂಬುವ ಯೆಹೋವನ ಸಾಕ್ಷಿಗಳೂ, ತ್ರಿತ್ವವನ್ನೇ ನಿರಾಕರಿಸುವ ಏಕತ್ವವಾದಿಗಳೂ ಇದ್ದಾರೆ. ಸ್ಯಾದ್ವಾದದ ಸೂಕ್ಷ್ಮ ಭೇದಗಳನ್ನು ಹೆಮ್ಮೆಯಿಂದ ವಿವರಿಸುವವನು ಇತರರ ಸೂಕ್ಷ್ಮ ಭೇದಗಳನ್ನು ‘ಕ್ರೈಸ್ತರು ಹೀಗೆನ್ನುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಒರೆಸಿಹಾಕುವುದು ನ್ಯಾಯವಲ್ಲ.

ಇನ್ನು ಸೌಜನ್ಯದ ಮಾತು: ಯೇಸು ಕ್ರೈಸ್ತರ ತೀರ್ಥಂಕರ. ಇದು ಕ್ರೈಸ್ತನಿಗೂ ಅನ್ಯಾಯ, ಜೈನನಿಗೂ ಅನ್ಯಾಯ. ತೀರ್ಥಂಕರನು ಅನೇಕ ಭವಗಳ ಸಾಧನೆಯಿಂದ ಘಾತಿಕರ್ಮಗಳನ್ನು ಕ್ಷಯಗೊಳಿಸಿ ಕೇವಲಜ್ಞಾನವನ್ನು ಪಡೆದ ಜೀವ. ಆತನು ಮೇಲಿನಿಂದ ಇಳಿದವನಲ್ಲ, ಕೆಳಗಿನಿಂದ ಏರಿದವನು. ಪ್ರತಿಯೊಂದು ಕಾಲಚಕ್ರಾರ್ಧದಲ್ಲಿಯೂ ಇಪ್ಪತ್ತನಾಲ್ವರು ತೀರ್ಥಂಕರರು ಆಗುತ್ತಾರೆ. ಸಿದ್ಧಪದವು ಪುರುಷಾರ್ಥ ಮಾಡುವ ಭವ್ಯ ಜೀವಕ್ಕೆ ತೆರೆದೇ ಇದೆ. ಕ್ರೈಸ್ತನ ಪ್ರಕಾರ ಕ್ರಿಸ್ತನು ಸಾಧನೆಯಿಂದ ದೇವರಾದವನಲ್ಲ, ದೇವರಾಗಿದ್ದು ಇಳಿದುಬಂದವನು. ಅದು ಒಬ್ಬನೇ ಒಬ್ಬನಿಂದ, ಒಂದೇ ಬಾರಿ ನಡೆದ ಸಂಗತಿ. ಸಾಧನೆಯಿಂದ ಏರಿ ದೇವಪುತ್ರನೆನಿಸಿದ ಮನುಷ್ಯನೆಂದು ಕ್ರಿಸ್ತನನ್ನು ವರ್ಣಿಸಿದ ಪಕ್ಷಗಳು ಪ್ರಾಚೀನ ಕಾಲದಲ್ಲಿ ಇದ್ದವು. ಸಭೆಯೇ ಅವನ್ನು ತಿರಸ್ಕರಿಸಿತು. ಕ್ರೈಸ್ತರು ಯಾವುದನ್ನು ದೋಷವೆಂದು ಬಿಟ್ಟರೋ ಅದನ್ನೇ ಅವರಿಗೆ ಹೂಮಾಲೆಯೆಂದು ಹಾಕುವುದು ಮರ್ಯಾದೆಯಲ್ಲ.

ಕ್ರೈಸ್ತರು ಇದರಲ್ಲಿ ಇಷ್ಟೊಂದು ಹಟ ಹಿಡಿದದ್ದೇಕೆ? ಇಡೀ ಚರ್ಚೆಯ ಬೇರು ಈ ಪ್ರಶ್ನೆಯಲ್ಲಿದೆ. ಅಥನೇಸಿಯಸನ ವಾದವನ್ನು ಸಂಗ್ರಹಿಸಿ ಹೇಳುವುದಾದರೆ ಹೀಗೆ: ಮನುಷ್ಯನು ಪಾಪದಿಂದಲೂ ಮೃತ್ಯುವಿನಿಂದಲೂ ತಾನಾಗಿ ಬಿಡಿಸಿಕೊಳ್ಳಲಾರ; ನಿರ್ಮಿತನಾದವನು ಇನ್ನೊಬ್ಬ ನಿರ್ಮಿತನನ್ನು ಉದ್ಧರಿಸಲಾರ; ಕ್ರಿಸ್ತನು ಉದ್ಧಾರಕನಾಗಬೇಕಾದರೆ ಆತನು ಪೂರ್ಣವಾಗಿ ದೇವರೇ ಆಗಿರಬೇಕು. ಕ್ರಿಸ್ತನ ದೇವತ್ವವು ಭಕ್ತರು ಪ್ರೀತಿಯಿಂದ ಕಟ್ಟಿದ ಅಲಂಕಾರವಲ್ಲ. ಅವರ ಮೋಕ್ಷವಿಚಾರದ ಆಧಾರಸ್ತಂಭ. ‘ಯೇಸು ಮಹಾನ್ ಗುರು’ ಎಂದು ಹೊಗಳಿದವನು ಆ ಸ್ತಂಭವನ್ನು ತೆಗೆದು, ಕಟ್ಟಡ ಸುಂದರವಾಗಿದೆಯೆಂದು ಹೇಳಿದಂತಾಗುತ್ತದೆ.

ಜೈನನು ಭಿನ್ನನಾಗುವುದು ಇಲ್ಲಿಯೇ. ಆ ಭಿನ್ನತೆಯನ್ನು ಮರೆಮಾಡುವ ಅಗತ್ಯವಿಲ್ಲ. ತಾನು ಕಟ್ಟಿದ ಕರ್ಮವನ್ನು ತಾನೇ ಸವೆಸಬೇಕು. ಒಬ್ಬನ ಕರ್ಮವನ್ನು ಇನ್ನೊಬ್ಬನು ಹೊರಲಾರ. ತೀರ್ಥಂಕರನೂ ದಾರಿ ತೋರುವನಲ್ಲದೆ ಕೈಹಿಡಿದು ದಾಟಿಸುವುದಿಲ್ಲ. ರತ್ನತ್ರಯದ ಮಾರ್ಗದಲ್ಲಿ ನಡೆಯುವವನಿಗೆ ಬೇಕಾದುದು ಮಾರ್ಗದರ್ಶಕ. ತನ್ನ ಬದಲಿಗೆ ಬೆಲೆ ತೆರುವವನಲ್ಲ. ಹಾಗಾಗಿ ಕ್ರಿಸ್ತನು ದೇವರೇ ಆಗಿರಬೇಕೆಂಬ ಅನಿವಾರ್ಯತೆ ಜೈನ ದರ್ಶನದಲ್ಲಿ ಹುಟ್ಟುವುದೇ ಇಲ್ಲ. ಲೋಕಕ್ಕೆ ಕರ್ತೃವೊಬ್ಬನಿದ್ದಾನೆಂಬ ಮೊದಲ ಮಾತನ್ನೇ ಜೈನ ದರ್ಶನ ಒಪ್ಪುವುದಿಲ್ಲ. ಪೂರ್ಣನಾದವನಿಗೆ ಸೃಷ್ಟಿಸುವ ಇಚ್ಛೆ ಏಕೆ, ಅಪೂರ್ಣನಾದವನಿಗೆ ಸೃಷ್ಟಿಸುವ ಶಕ್ತಿ ಎಲ್ಲಿ ಎಂಬ ಪ್ರಶ್ನೆಯನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಎತ್ತಿದರು. ಸೃಷ್ಟಿಕರ್ತನೇ ಮನುಷ್ಯನಾದನೆಂಬ ಮತಕ್ಕೆ ಕೇಳಬೇಕಾದ ಪ್ರಶ್ನೆ ಅದು. ಚಕ್ರವರ್ತಿಯ ಕಟ್ಟುಕಥೆಯ ಹಂಗು ಆ ಪ್ರಶ್ನೆಗಿಲ್ಲ.

ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯ ವಿಷಯವೇ, ನಂಬಲು ಅರ್ಹನಾದ ಆಪ್ತನು ಯಾರೆಂಬುದು. ದೇವತೆಗಳು ಬಂದುಹೋಗುವುದು, ಆಕಾಶದಲ್ಲಿ ನಡೆಯುವುದು ಮೊದಲಾದ ವಿಭೂತಿಗಳು ಮಾಯಾವಿಗಳಲ್ಲಿಯೂ ಕಾಣುತ್ತವೆ. ಅಷ್ಟರಿಂದಲೇ ಯಾರೂ ಪೂಜ್ಯರಾಗುವುದಿಲ್ಲವೆಂದು ಆಚಾರ್ಯರು ತಮ್ಮ ತೀರ್ಥಂಕರನ ವಿಷಯದಲ್ಲಿಯೇ ಹೇಳಿದರು. ನಿರ್ದೋಷತ್ವ ಮತ್ತು ಸರ್ವಜ್ಞತ್ವವೇ ಅವರ ಒರೆಗಲ್ಲು. ಈ ಒರೆಗಲ್ಲನ್ನು ಕ್ರಿಸ್ತನ ವಿಷಯಕ್ಕೆ ತಂದಾಗ ಚರ್ಚೆ ಗಂಭೀರವಾಗುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಅಂತ್ಯದ ದಿನವನ್ನೂ ಗಳಿಗೆಯನ್ನೂ ಪುತ್ರನು ಸಹ ಅರಿಯನೆಂಬ ಮಾತಿದೆ. ಸರ್ವಜ್ಞನಲ್ಲದವನು ದೇವರು ಹೇಗಾದಾನು? ಏರಿಯಸನ ಪಕ್ಷದವರೂ ಇದೇ ಮಾತನ್ನು ಹಿಡಿದಿದ್ದರು. ಮನುಷ್ಯನಾಗಿ ಅರಿಯದವನು ದೇವರಾಗಿ ಅರಿತಿದ್ದನೆಂದು ಅಥನೇಸಿಯಸನು ಉತ್ತರಿಸಿದನು. ಒಂದೇ ವ್ಯಕ್ತಿಯಲ್ಲಿ ಒಂದೇ ವಿಷಯದ ಅರಿವೂ ಅರಿವಿಲ್ಲದಿರುವಿಕೆಯೂ ಹೇಗೆ ಕೂಡಿರಬಲ್ಲವೆಂದು ಜೈನ ನೈಯಾಯಿಕನು ಮರುಪ್ರಶ್ನೆ ಹಾಕಬಹುದು. ಅಪೇಕ್ಷೆಯ ಭೇದದಿಂದ ವಿರುದ್ಧ ಧರ್ಮಗಳು ಒಂದೇ ವಸ್ತುವಿನಲ್ಲಿ ಇರಬಲ್ಲವೆಂದು ನೀವೇ ಹೇಳುವುದಿಲ್ಲವೇ ಎಂದು ಕ್ರೈಸ್ತನು ಆಗ ಕೇಳಿಯಾನು. ಅದಕ್ಕೆ ಉತ್ತರ ಕೊಡಲು ಜೈನನು ತನ್ನ ಅನೇಕಾಂತವನ್ನೇ ಇನ್ನಷ್ಟು ಆಳವಾಗಿ ಓದಬೇಕಾಗುತ್ತದೆ. ಪ್ರಾಮಾಣಿಕ ವಾದದ ಲಾಭ ಇದೇ.

ಹಸಿವು, ಬಾಯಾರಿಕೆ, ಮರಣಗಳುಳ್ಳವನು ದೇವರೇ ಎಂಬ ಕುಹಕವೂ ಕೇಳಿಬರುತ್ತದೆ. ರತ್ನಕರಂಡಕ ಶ್ರಾವಕಾಚಾರವು ಆಪ್ತನಲ್ಲಿ ಇರಬಾರದ ದೋಷಗಳಲ್ಲಿ ಇವನ್ನು ಎಣಿಸಿರುವುದು ನಿಜ. ಆ ಅಳತೆಯಿಂದ ಕ್ರಿಸ್ತನನ್ನು ಜೈನನು ಆಪ್ತನೆಂದು ಒಪ್ಪಲಾರ. ಆದರೆ ಇದು ಕ್ರೈಸ್ತನು ಅಡಗಿಸಿಟ್ಟ ಗುಟ್ಟೆಂದು ಭಾವಿಸಿ ನಗುವುದು ಅಜ್ಞಾನ. ಶಿಲುಬೆಯ ಮಾತು ಯೆಹೂದ್ಯರಿಗೆ ಅಡ್ಡಿಯೆಂದೂ ಗ್ರೀಕರಿಗೆ ಹುಚ್ಚುತನವೆಂದೂ ತೋರುವುದನ್ನು ಪೌಲನೇ ಒಪ್ಪಿಕೊಂಡಿದ್ದನು. ದೇವರು ದುಃಖವನ್ನು ತಾನಾಗಿ ವಹಿಸಿಕೊಂಡನೆಂಬುದು ಕ್ರೈಸ್ತನಿಗೆ ನಾಚಿಕೆಯಲ್ಲ; ಅವನ ಧರ್ಮದ ಹೃದಯ. ಹೃದಯವನ್ನು ಅಲ್ಲಗಳೆಯಬಹುದು, ಹಾಸ್ಯ ಮಾಡಬಾರದು.

ಕೊನೆಯದು ಹೆಮ್ಮೆಯ ಮಾತು. ಯೇಸುವು ಜೈನರ ಬಳಿಗೆ ಬಂದನೆಂಬ ಕಥೆ ಹರಡಿದ್ದು ರಷ್ಯದ ನಿಕೊಲಾಸ್ ನೊಟೊವಿಚ್ 1894ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ಪುಸ್ತಕದಿಂದ. ಲಡಾಖಿನ ಹೆಮಿಸ್ ಮಠದಲ್ಲಿ ‘ಈಸಾ’ ಎಂಬವನ ಚರಿತ್ರೆಯ ಹಸ್ತಪ್ರತಿಯನ್ನು ಲಾಮಾಗಳು ತನಗೆ ಓದಿ ಹೇಳಿದರೆಂದು ಅವನು ಬರೆದನು. ಅದೇ ವರ್ಷ ಮ್ಯಾಕ್ಸ್ ಮುಲ್ಲರರು ಅದನ್ನು ನಂಬಲರ್ಹವಲ್ಲವೆಂದು ತೋರಿಸಿದರು. 1895ರಲ್ಲಿ ಆಗ್ರಾದ ಕಾಲೇಜಿನ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಾಸ್ ಹೆಮಿಸ್‌ಗೆ ಹೋಗಿ ವಿಚಾರಿಸಿದಾಗ ಅಂತಹ ಗ್ರಂಥವೇ ಇಲ್ಲವೆಂದು ಮಠಾಧಿಪತಿ ಹೇಳಿದನು. ಇನ್ನೂ ವಿಚಿತ್ರವೇನೆಂದರೆ, ಜೈನರ ಕೀರ್ತಿಗೆಂದು ಉಲ್ಲೇಖಿಸಲಾಗುವ ಆ ಪುಸ್ತಕದಲ್ಲಿ ಜೈನರು ‘ಜೈನ’ ಎಂಬ ದೇವರನ್ನು ಪೂಜಿಸುವವರು, ದಾರಿ ತಪ್ಪಿದವರು; ಉಳಿಯೆಂದು ಅವರು ಬೇಡಿದರೂ ಈಸಾ ಅವರನ್ನು ಬಿಟ್ಟು ಜಗನ್ನಾಥಕ್ಕೆ ಹೊರಟುಹೋಗುತ್ತಾನೆ. ಅದನ್ನು ಓದದೆಯೇ ಉಲ್ಲೇಖಿಸಿದವರು ತಮ್ಮ ನಿಂದೆಯನ್ನೇ ತಮ್ಮ ಪ್ರಶಸ್ತಿಯೆಂದು ಓದಿದಂತಾಯಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಹೇಳಿದೆ. ಸುಳ್ಳು ಲೇಖವನ್ನು ಬರೆದವನದು ಒಂದು ದೋಷವಾದರೆ, ಅದನ್ನು ಟ್ರಸ್ಟಿನ ಹಣದಿಂದ ಮರುಮುದ್ರಿಸಿ ಹಂಚುವುದು ದೋಷವಲ್ಲದೆ ಮತ್ತೇನು?

ಅದೇ 1894ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ಗ್ರಂಥ ಪ್ರಕಟವಾಯಿತು: ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು. ಅದಕ್ಕೂ ಮೊದಲು, 1872ರಲ್ಲಿ, ಅವರು ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮುದ್ರಿಸಿದ್ದರು. ಕಿಟ್ಟೆಲರು ಕ್ರಿಸ್ತನ ದೇವತ್ವವನ್ನು ಸಾರಲೆಂದೇ ಬಂದ ಮಿಶನರಿ, ಜೈನಮತವನ್ನು ಒಪ್ಪಿದವರಲ್ಲ. ಆದರೂ ಕೇಶಿರಾಜನ ಸೂತ್ರವನ್ನು ಕೇಶಿರಾಜನ ಸೂತ್ರವಾಗಿಯೇ ಓದಿದರು. ಒಪ್ಪದೆಯೂ ಸರಿಯಾಗಿ ಓದಬಹುದೆಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆ ಋಣ ಇನ್ನೂ ತೀರಿಲ್ಲ.

ಭೇದಗಳನ್ನು ಎತ್ತಿ ತೋರಿಸಿದರೆ ಸೌಹಾರ್ದ ಕೆಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಅನೇಕಾಂತವೆಂದರೆ ಎಲ್ಲವೂ ಒಂದೇ ಎಂಬುದಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ ಆಡಿದ್ದೆಂಬುದನ್ನು ತಿಳಿದು ಹೇಳುವುದೇ ಅನೇಕಾಂತ. ತಿಳಿಯದೆ ಸಮನೆನ್ನುವುದು ಸೋಮಾರಿತನ. ನೆರೆಯ ಕ್ರೈಸ್ತನಿಗೆ ‘ನಿಮ್ಮ ಯೇಸುವೂ ನಮ್ಮ ತೀರ್ಥಂಕರನೂ ಒಂದೇ’ ಎಂದಾಗ ಅವನು ಮರ್ಯಾದೆಗಾಗಿ ತಲೆದೂಗಿಯಾನು, ಮನಸ್ಸಿನಲ್ಲಿ ಒಪ್ಪುವುದಿಲ್ಲ. ‘ನೀವು ಹೀಗೆ ನಂಬುತ್ತೀರಿ, ಈ ಕಾರಣದಿಂದ ನಂಬುತ್ತೀರಿ, ಈ ಕಾರಣದಿಂದ ಜೈನರು ಅದನ್ನು ಒಪ್ಪುವುದಿಲ್ಲ’ ಎಂದಾಗ, ತನ್ನ ಮಾತನ್ನು ಕೇಳಿಸಿಕೊಂಡವರಿದ್ದಾರೆಂದು ಅವನಿಗೆ ತಿಳಿಯುತ್ತದೆ. ನೆರೆಹೊರೆಯ ಸ್ನೇಹ ನಿಲ್ಲುವುದು ಆ ತಿಳಿವಿನ ಮೇಲೆ.

ಆದುದರಿಂದ ಬಸದಿಗಳ ಟ್ರಸ್ಟುಗಳು ಸರ್ವಧರ್ಮ ಸಮ್ಮೇಳನವನ್ನು ಏರ್ಪಡಿಸುವಾಗ ಕ್ರೈಸ್ತ ಮತವನ್ನು ನಿರೂಪಿಸಲು ಕ್ರೈಸ್ತನನ್ನೇ ಕರೆಯಲಿ. ಪರಿಶೀಲಿಸದ ಕಿರುಹೊತ್ತಗೆಗೆ ದಾನಿಗಳ ಹಣವನ್ನು ಕೊಡದಿರಲಿ. ಪಾಠಶಾಲೆಯ ಅಧ್ಯಾಪಕರು ಸುವಾರ್ತೆಗಳನ್ನು ಒಮ್ಮೆಯಾದರೂ ಓದಿ ಪಾಠ ಹೇಳಲಿ. ಯೇಸು ದೇವರೇ ಎಂದು ಮಗು ಕೇಳಿದಾಗ ಮನೆಯ ಹಿರಿಯರು ಹೀಗೆ ಹೇಳಲಿ: ದೇವರೇ ಮನುಷ್ಯನಾಗಿ ಬಂದನೆಂದು ಅವರು ನಂಬುತ್ತಾರೆ, ಆ ನಂಬಿಕೆಗಾಗಿ ಪ್ರಾಣ ಕೊಟ್ಟವರಿದ್ದಾರೆ, ಮನುಷ್ಯನು ತನ್ನ ಪುರುಷಾರ್ಥದಿಂದಲೇ ಪರಮಾತ್ಮನಾಗಬಲ್ಲನೆಂದು ಜೈನರು ನಂಬುತ್ತಾರೆ, ಎರಡೂ ಒಂದೇ ಅಲ್ಲ. ಇಷ್ಟನ್ನು ಹೇಳಲು ಬೇಕಾದುದು ಪಾಂಡಿತ್ಯವಲ್ಲ, ಸತ್ಯಾಣುವ್ರತ.